ಎಡಗೈ .375: ಬ್ಯಾಚ್ ಗುಂಪಿಗೆ ಬಂದ ಒಂದು ಜಾಹೀರಾತು

ಮಂದಣ್ಣ (ಡೆನ್ವರ್): [ಹರಾಜು ಜಾಹೀರಾತು, 4 ಫೋಟೊ] "ವಿಂಚೆಸ್ಟರ್ ಮಾಡೆಲ್ 70, .375 ಎಚ್ ಅಂಡ್ ಎಚ್, ಎಡಗೈಯವರಿಗೆ, ಒಳ್ಳೇ ಸ್ಥಿತಿ." ತೋಟೆ .375 ಹಾಲೆಂಡ್ ಅಂಡ್ ಹಾಲೆಂಡ್, .375 ಅಂದ್ರೆ ಇಂಚಿನಲ್ಲಿ ಗುಂಡಿನ ದಪ್ಪ. ಭಾನುವಾರ ರಾತ್ರಿ ಹರಾಜು ಮುಗಿಯುತ್ತೆ. ನಾನು ಎಡಚ, ನಮೀಬಿಯಾದಲ್ಲಿ ಆಫ್ರಿಕಾದ ಕಾಡೆಮ್ಮೆ (ಕೇಪ್ ಬಫಲೊ) ಬೇಟೆಗೆ ಬೇಕು. ಕೂಗಲಾ, ಬೇಡವಾ?

ನಾಗರಾಜ (ಹ್ಯೂಸ್ಟನ್): ಕೂಗು ಮಾರಾಯ. ಎಡಗೈ .375 ದಿನಾ ಕಣ್ಣಿಗೆ ಬೀಳಲ್ಲ. ವಿಂಚೆಸ್ಟರ್ ಕೋವಿಗಳ ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಮುಚ್ಚಿತು. ಅದಕ್ಕೆ ಮುಂಚೆ ಮಾಡಿದ ಎಡಗೈ ಮಾಡೆಲ್ 70 ಕ್ಲಾಸಿಕ್‌ಗಳೇ ಈಗ ಕೈಯಿಂದ ಕೈಗೆ ಓಡಾಡ್ತಿರೋದು.

ಪೂವಯ್ಯ (ಬೊಯ್ಸಿ): ತಡಿ ಮಂದಣ್ಣ. ಎರಡನೇ ಫೋಟೊ ದೊಡ್ಡದು ಮಾಡಿ ನೋಡು. ಕೆನ್ನೆ ಒರಗೋ ಉಬ್ಬು ಕೋವಿಯ ಮರದ (ಭುಜಕ್ಕೆ ಆನಿಸೋ ಕಟ್ಟಿಗೆ ಭಾಗ) ಬಲಗಡೆ ಇದೆ. ಅದು ಸರಿ, ಎಡಚನ ಕೆನ್ನೆ ಅಲ್ಲೇ ಕೂರಬೇಕು. ಆದರೆ ಬೋಲ್ಟ್ (ಹಿಂದೆ ಎಳೆದು ಮುಂದೆ ತಳ್ಳಿ ತೋಟೆ ಏರಿಸೋ ಸರಳು) ಹಿಡಿಕೆಯೂ ಬಲಗಡೆಗೇ ಇದೆ, ಖಾಲಿ ತೋಟೆ ಹಾರೋ ಕಿಂಡಿಯೂ ಬಲಗಡೆಗೇ. ಯಾರೋ ಬಲಗೈ ಕೋವಿಗೆ ಎಡಗೈ ಮರ ಹಾಕಿದ್ದಾರೆ. ಇದು ಎಡಗೈ ರೈಫಲ್ ಅಲ್ಲ.

ನಾಗರಾಜ: ಫೋಟೊ ಕನ್ನಡಿ ಥರ ತಿರುಗಿರಬಹುದಲ್ಲ?

ಪೂವಯ್ಯ: ನಳಿಗೆ ಮೇಲಿನ ಅಕ್ಷರ ನೇರವಾಗಿ ಓದಕ್ಕೆ ಬರ್ತಿದೆ. ತಿರುಗಿಸಿದ್ರೆ ಅದೂ ಉಲ್ಟಾ ಆಗಿರೋದು. ಎಡಗೈ ಅಂತ ಬರೆದ ಜಾಹೀರಾತಿನಲ್ಲಿ ಮೊದಲು ನೋಡಬೇಕಾದ್ದೇ ಇದು. ಹಿಡಿಕೆ ಯಾವ ಕಡೆ, ಕಿಂಡಿ ಯಾವ ಕಡೆ, ಉಬ್ಬು ಯಾವ ಕಡೆ, ಅಕ್ಷರ ನೇರ ಇದೆಯಾ. ನಾಲ್ಕೂ ಹೊಂದಬೇಕು. ಮಾರುವವನು ಮೋಸ ಮಾಡ್ತಿದ್ದಾನೆ ಅಂತ ನಾನು ಹೇಳ್ತಿಲ್ಲ. ಮರ ನೋಡಿ ಎಡಗೈ ಅಂತ ನಂಬಿರಬಹುದು.

ನಾಗರಾಜ: ಸರಿ, ಬಲಗೈ ಆಕ್ಷನ್ (ಬೋಲ್ಟ್ ಓಡಾಡೋ ಲೋಹದ ಭಾಗ) ಅಂತಲೇ ಇಟ್ಕೋ. ಅದರಿಂದೇನು ಮುಳುಗಿಹೋಯ್ತು? ನಮೀಬಿಯಾದಲ್ಲಿ ಹೊಡೆಯೋದೆಲ್ಲ ಮುಕ್ಕಾಲಿ ಕೋಲಿನ ಮೇಲಿಟ್ಟು. ಕೋಲು ಕೋವಿ ಹೊರುತ್ತೆ, ಎಡಗೈ ಟ್ರಿಗರ್ ಹತ್ರ ಹಾಗೇ ಇರುತ್ತೆ, ಬಲಗೈ ಖಾಲಿ ಇರುತ್ತೆ, ಅದರಲ್ಲೇ ಬೋಲ್ಟ್ ಎಳಿ. ಬೆಂಚಿನ ಮೇಲೆ ಹೊಡೆಯೋ ಎಷ್ಟೋ ಜನ ಬೇಕಂತಲೇ ಹೀಗೆ ಇಟ್ಕೋತಾರೆ.

ಪೂವಯ್ಯ: ಮೊದಲ ಗುಂಡಿಗೆ ನೀನು ಹೇಳಿದ್ದು ನಿಜ. ಎರಡನೇದಕ್ಕೆ? .375 ಒದ್ದಾಗ ಮೂತಿ ಮೇಲೇಳುತ್ತೆ, ಕೋವಿ ಕೋಲಿನಿಂದ ಜಾರುತ್ತೆ. ಗಾಯಗೊಂಡ ಎಮ್ಮೆ ಹೊರಳಿ ಪೊದೆ ಹೊಕ್ಕಿತು, ಇಲ್ಲಾ ನಿಮ್ಮ ಕಡೆಗೇ ತಿರುಗಿತು ಅಂದ್ರೆ ಎರಡನೇ ಗುಂಡು ನಿಂತ ಕಾಲಲ್ಲೇ ಹೊಡೆಯಬೇಕು, ಕೋಲಿಲ್ಲದೆ. ಆಗ ಎಡಚನಿಗೆ ಎರಡೇ ದಾರಿ. ಮುಂದಿನ ಮರ ಹಿಡಿದ ಬಲಗೈ ಬಿಟ್ಟು ಬೋಲ್ಟ್ ಎಳೆದರೆ ನಾಲ್ಕು ಕೆಜಿಗೂ ಮೀರಿದ ಕೋವಿಯ ಮೂತಿ ನೆಲಕ್ಕೆ ಬೀಳುತ್ತೆ. ಟ್ರಿಗರ್ ಬಿಟ್ಟು ಎಡಗೈಯನ್ನ ದುರ್ಬೀನಿನ ಮೇಲಿಂದ ಆ ಕಡೆಗೆ ದಾಟಿಸಿದರೆ ಕೆನ್ನೆ ಮರದಿಂದ ಎದ್ದುಹೋಗುತ್ತೆ, ಪ್ರಾಣಿ ಕಣ್ಣಿಗೆ ತಪ್ಪುತ್ತೆ. ಎರಡರಲ್ಲೂ ಕಳೆದುಹೋಗೋ ಹೊತ್ತು ಎಮ್ಮೆಗೆ ಸಾಕು.

ಇನ್ನೊಂದು ವಿಷಯ ಜನ ಮರೀತಾರೆ. ತೋಟೆಯ ಹಿಂಭಾಗ ಸೀಳಿದರೆ ಬಿಸಿ ಗಾಳಿ, ಹಿತ್ತಾಳೆ ಚೂರು ಕಿಂಡಿಯಿಂದ ಹೊರಬರುತ್ತೆ. ಬಲಗೈ ಆಕ್ಷನ್‌ನಲ್ಲಿ ಎಡಚನ ಮುಖ ಇರೋದು ಆ ಕಿಂಡಿಯ ಕಡೆಗೇ. ಅಪರೂಪ, ಒಪ್ಪುತ್ತೇನೆ. ಆದರೂ ಆ ಕೋವಿ ಯಾರು ಹೊಡೆದರೂ ಕನ್ನಡಕ ಕಡ್ಡಾಯ.

ದೇಚಮ್ಮ (ಮಡಿಕೇರಿ): ಪೂವಯ್ಯ ಹೇಳೋದು ಸರಿ. ಇಲ್ಲಿ ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ತೆಂಗಿನಕಾಯಿ ಹೊಡೆಯೋಕೆ ಬಲಗೈ .22ನಲ್ಲಿ ಎಡಚರೂ ಚೆನ್ನಾಗೇ ಹೊಡೀತಾರೆ. ಕಾಯಿ ಮರದಲ್ಲೇ ನೇತಾಡ್ತಿರುತ್ತೆ, ಅವಸರ ಇಲ್ಲ. ಅದನ್ನ ತಂದು .375ಗೆ ಅಳವಡಿಸಬೇಡಿ.

ಮಂದಣ್ಣ: ಹಾಗಾದ್ರೆ ನಿಜವಾದ ಎಡಗೈ .375 ಎಲ್ಲಿ ಹುಡುಕ್ಲಿ? ಸಿಗೋದೆಲ್ಲ .30-06, .300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಮ್) ಥರದ ಸಣ್ಣ ಗುಂಡಿನವು.

ಪೂವಯ್ಯ: ಅದಕ್ಕೆ ಕಾರಣ ಆಕ್ಷನ್ ಉದ್ದ. .375 ಎಚ್ ಅಂಡ್ ಎಚ್ 1912ರ ತೋಟೆ, ಪೂರ್ತಿ ಉದ್ದ 3.60 ಇಂಚು. .30-06 ಅಳತೆಯ ಮ್ಯಾಗಜೀನ್ 3.34 ಇಂಚಿನ ತೋಟೆಗೆ ಮಾಡಿದ್ದು. ಎಡಗೈ ಕೊಳ್ಳುವವರು ಮೊದಲೇ ಕಮ್ಮಿ. ಅದರಲ್ಲಿ 3.60 ಇಂಚಿನದು ಬೇಕೆನ್ನುವವರು ಇನ್ನೂ ಕಮ್ಮಿ. ಹಾಗಾಗಿ ಕಾರ್ಖಾನೆಗಳು ಆ ಉದ್ದದಲ್ಲಿ ಎಡಗೈ ಮಾಡೋಕೆ ಹಿಂಜರಿಯುತ್ತವೆ. ನನ್ನ ವಾದ ಇಷ್ಟೇ: ಎಡಚ ಮೊದಲು ಆಕ್ಷನ್ ಹುಡುಕಬೇಕು, ಕ್ಯಾಲಿಬರ್ ಅದಕ್ಕೆ ಹೊಂದಿಸಿಕೊಳ್ಳಬೇಕು. ಕ್ಯಾಲಿಬರ್ ಮೊದಲು ಹಿಡಿದು ಕೂತರೆ ವರ್ಷಗಟ್ಟಲೆ ಕಾಯಬೇಕು.

3.34 ಇಂಚಿಗೆ ಹೊಂದುವ ದೊಡ್ಡ ತೋಟೆಗಳಿವೆ. .458 ವಿನ್ ಮ್ಯಾಗ್ 1956ರಿಂದ ಇದೆ. .375 ರೂಗರ್ 2007ರಲ್ಲಿ ಬಂತು. 300 ಗ್ರೇನ್ (ಸುಮಾರು 19 ಗ್ರಾಂ) ಗುಂಡು ಸೆಕೆಂಡಿಗೆ 2,660 ಅಡಿ ಅಂತ ಡಬ್ಬಿ ಮೇಲಿರುತ್ತೆ, ಎಚ್ ಅಂಡ್ ಎಚ್‌ನ 2,530ಕ್ಕಿಂತ ಜಾಸ್ತಿಯೇ. ರೂಗರ್ ಕಂಪನಿ ಹಾಕ್‌ಐ ಗೈಡ್ ಗನ್ನನ್ನ ಈ ಕ್ಯಾಲಿಬರ್‌ನಲ್ಲಿ ಎಡಗೈಗೂ ಮಾಡಿದೆ. ತೋಟೆಯ ಹಿಂಭಾಗ ಕಚ್ಚಿ ಎಳೆಯೋ ಮೌಸರ್ ಥರದ ಪಂಜ (ಎಕ್ಸ್‌ಟ್ರಾಕ್ಟರ್), ಮೂರು ಹಂತದ ಸೇಫ್ಟಿ, ಆಕ್ಷನ್ ಮೇಲೇ ಕೊರೆದ ದುರ್ಬೀನ್ ಪೀಠ, 20 ಇಂಚಿನ ನಳಿಗೆ. ನೀನು ಹುಡುಕಬೇಕಾದ್ದು ಇದನ್ನ.

ಹರೀಶ (ವಿಂಡ್‌ಹುಕ್, ನಮೀಬಿಯಾ): ಇಲ್ಲಿ ನಾನು ಒಪ್ಪಲ್ಲ. ಅಂಗಡಿ ಕಪಾಟಿನಲ್ಲಿ .375 ಎಚ್ ಅಂಡ್ ಎಚ್ ತೋಟೆ ಇರುತ್ತೆ. .375 ರೂಗರ್ ಕೇಳಿದ್ರೆ ಇದೆ ಅನ್ನೋರು ಕಮ್ಮಿ. ವಿಮಾನದಲ್ಲಿ ತೋಟೆ ಪೆಟ್ಟಿಗೆ ತಪ್ಪಿಹೋದ್ರೆ ಎಚ್ ಅಂಡ್ ಎಚ್‌ನವನು ಮರುದಿನ ಕಾಡಿಗೆ ಹೋಗ್ತಾನೆ, ರೂಗರ್‌ನವನು ಬಾಡಿಗೆ ಕೋವಿ ಹುಡುಕ್ತಾನೆ. ಅದೂ ಬಲಗೈಯದೇ ಸಿಗೋದು.

ಪೂವಯ್ಯ: ನಿನ್ನ ಮಾತಿಗೆ ತೂಕ ಇದೆ ಹರೀಶ. ಆದರೆ ಎರಡು ಅಪಾಯ ತೂಗಿ ನೋಡು. ತೋಟೆ ಕಳೆಯೋದು ಒಮ್ಮೊಮ್ಮೆ. ಕೈಗೊಗ್ಗದ ಬೋಲ್ಟ್ ಪ್ರತಿ ಗುಂಡಿಗೂ ಇರುತ್ತೆ.

ದೇಚಮ್ಮ: 9.3×62 ಆಗಲ್ವಾ? ಬರ್ಲಿನ್‌ನ ಒಟ್ಟೊ ಬಾಕ್ 1905ರಲ್ಲಿ ಆಫ್ರಿಕಾದ ಜರ್ಮನ್ ವಸಾಹತಿನವರಿಗೆ ಅಂತಲೇ ಮಾಡಿದ್ದು. ನಮೀಬಿಯಾದಲ್ಲಿ ತೋಟೆಗೆ ಬರ ಇರಲ್ಲ. ಉದ್ದವೂ .30-06 ಅಳತೆಯೇ, ಬೋಲ್ಟ್ ಮುಖವೂ (ತೋಟೆಯ ಹಿಂಭಾಗ ಕೂರೋ ಕುಳಿ) ಅದೇ. ಎಡಗೈ .30-06 ಎಲ್ಲಿ ಬೇಕಾದ್ರೂ ಸಿಗುತ್ತೆ, ನಳಿಗೆ ಬದಲಿಸಿದ್ರೆ ಮುಗೀತು.

ಹರೀಶ: ಹುಲ್ಲೆ ಜಾತಿಯ ಕುಡು, ಓರಿಕ್ಸ್, ಎಲಾಂಡ್‌ಗೆ ಅದಕ್ಕಿಂತ ಒಳ್ಳೇದಿಲ್ಲ. ಎಮ್ಮೆಗೆ ಕಾನೂನು ಅಡ್ಡ ಬರುತ್ತೆ. ಎಮ್ಮೆ, ಆನೆಗೆ ನಮೀಬಿಯಾ ಕೇಳೋದು ಮೂತಿಯಲ್ಲಿ ಗುಂಡಿಗೆ ಕನಿಷ್ಠ 5,400 ಜೂಲ್ ಶಕ್ತಿ. 9.3×62ರ ಮಾಮೂಲಿ ಲೋಡ್, 286 ಗ್ರೇನ್ 2,360 ಅಡಿ, ಲೆಕ್ಕ ಹಾಕಿದ್ರೆ 4,800 ಜೂಲ್ ಹತ್ತಿರ. .375 ಎಚ್ ಅಂಡ್ ಎಚ್ 5,780. .458 ವಿನ್ ಮ್ಯಾಗ್ 500 ಗ್ರೇನ್ 2,050 ಅಡಿಯಲ್ಲಿ 6,300ಕ್ಕೂ ಮೇಲೆ. ಪೂವಯ್ಯ ಹೇಳಿದ 20 ಇಂಚಿನ ನಳಿಗೆಯಲ್ಲಿ .375 ರೂಗರ್ ವೇಗ ಇಳಿದು 2,500 ಅಡಿಯೇ ಬಂತು ಅಂದ್ರೂ 5,640. ದಾಟುತ್ತೆ, ಆದರೆ ಅಂಚು ದೊಡ್ಡದಲ್ಲ. ಗುಂಡಿನ ವೇಗ ಅಳೆಯೋ ಕ್ರೋನೋಗ್ರಾಫ್‌ನಲ್ಲಿ ಅಳೆದು ಆ ಅಂಕಿ ಜೊತೆಗಿಟ್ಕೊಂಡು ಬಾ.

ಮಂದಣ್ಣ: ಹಾಕ್‌ಐ ಸಿಗದಿದ್ರೆ? ನಳಿಗೆ ಬದಲಿಸಿ ಮಾಡಿಸೋದು ಹೇಗೆ?

ಪೂವಯ್ಯ: ಎಡಗೈ .300 ವಿನ್ ಮ್ಯಾಗ್ ಇಲ್ಲಾ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ತಗೋ. ಎರಡರ ಬೋಲ್ಟ್ ಮುಖವೂ .532 ಇಂಚಿನ ತೋಟೆಗೆ. .375 ರೂಗರ್, .458 ವಿನ್, .338 ವಿನ್ ಎಲ್ಲದರ ಹಿಂಭಾಗ ಅದೇ ಅಳತೆ, ಬೋಲ್ಟ್ ಬದಲಿಸಬೇಕಾಗಿಲ್ಲ. .30-06 ತಗೊಂಡ್ರೆ ಮುಖ .473, ಅಗಲ ಮಾಡಿ ಎಕ್ಸ್‌ಟ್ರಾಕ್ಟರ್ ಬದಲಿಸಬೇಕು. .416 ರಿಗ್ಬಿ ಆಸೆ ಬಿಡು, ಹಿಂಭಾಗ .590 ಇಂಚು, ಅದಕ್ಕೆ ಬೇರೆ ಆಕ್ಷನ್ನೇ ಬೇಕು.

ಕೆಡೋದು ತೋಟೆ ಏರೋ ಜಾಗದಲ್ಲಿ. .300 ವಿನ್ ಮ್ಯಾಗ್ ತೋಟೆ ಭುಜದ ಹತ್ರ .489 ಇಂಚು, .375 ರೂಗರ್ .515. ಸಣ್ಣದಕ್ಕೆ ಕೊರೆದ ಮ್ಯಾಗಜೀನ್ ಬಾಯಿಯ ಅಂಚಿನಲ್ಲಿ ದಪ್ಪನೇದು ಸಿಕ್ಕಿಕೊಳ್ಳುತ್ತೆ, ಇಲ್ಲಾ ಬೇಗ ಬಿಟ್ಟು ಮೇಲಕ್ಕೆ ಹಾರುತ್ತೆ. ನಳಿಗೆ ಕೂರಿಸೋನು ಅಂಚು, ಫಾಲೋವರ್ (ತೋಟೆಗಳನ್ನ ಮೇಲಕ್ಕೆ ತಳ್ಳೋ ತಟ್ಟೆ) ಎರಡನ್ನೂ ತಿದ್ದಬೇಕು. ಮದ್ದಿಲ್ಲದ ಡಮ್ಮಿ ತೋಟೆಗಳಲ್ಲಿ, ಕಾಡಿಗೆ ಒಯ್ಯೋ ಗುಂಡಿನ ಆಕಾರದ್ದರಲ್ಲೇ, ಮ್ಯಾಗಜೀನ್ ತುಂಬಿಸಿ ಏರಿಸಿ ನೋಡು. ಒಂದ್ಸಲ ನಿಧಾನ, ಒಂದ್ಸಲ ರಭಸ, ಒಂದ್ಸಲ ಕೋವಿ ಓರೆ ಹಿಡಿದು. ಅರ್ಧ ಎಳೆದು ತಳ್ಳಿದಾಗ ಎರಡು ತೋಟೆ ಒಟ್ಟಿಗೆ ನುಗ್ಗಿದ್ರೆ ಆ ಕೋವಿ ಎಮ್ಮೆಗೆ ಇನ್ನೂ ತಯಾರಿಲ್ಲ. ಎಡಗೈ ಸ್ಯಾವೇಜ್ 110 ಸಿಕ್ಕಿದ್ರೆ ನಳಿಗೆಗೆ ನಟ್ ಇರುತ್ತೆ, ಗೋ ಗೇಜ್ ಅನ್ನೋ ಅಳತೆ ತುಂಡು ಹಾಕಿ, ಬೋಲ್ಟ್ ಮುಖದಿಂದ ತೋಟೆ ನಿಲ್ಲೋ ಜಾಗದವರೆಗಿನ ಅಳತೆ, ಅಂದ್ರೆ ಹೆಡ್‌ಸ್ಪೇಸ್ ಕೂರಿಸೋದು ಸಲೀಸು. ಆದರೆ ಅದು ಪಂಜ ಹಿಡಿಯೋ ಥರದ್ದಲ್ಲ.

ಮರವೂ ನೋಡು. .300 ಮರ .375ಗೆ ಹಾಗೇ ಹಾಕಬೇಡ. ರಿಕಾಯಿಲ್ ಲಗ್ (ಒದೆತವನ್ನ ಮರಕ್ಕೆ ದಾಟಿಸೋ ಲೋಹದ ಕಟ್ಟು) ಹಿಂದೆ ಎಪಾಕ್ಸಿ ಅಂಟಿನ ಬೆಡ್ಡಿಂಗ್, ಮರಕ್ಕೆ ಎರಡು ಅಡ್ಡ ಬೋಲ್ಟ್, ಆಕ್ಷನ್‌ನ ಹಿಂದಿನ ತುದಿಯಾದ ಬಾಲದ ಹಿಂದೆ ಕೂದಲೆಳೆ ಸಂದು. ಸಂದಿಲ್ಲದಿದ್ರೆ ಒದೆತಕ್ಕೆ ಬಾಲ ಬೆಣೆಯ ಹಾಗೆ ನುಗ್ಗಿ ಮರ ಸೀಳುತ್ತೆ. ಹಳೇ ಕೋವಿ ಕೊಳ್ಳುವಾಗಲೂ ಬಾಲದ ಹಿಂದಿನ ಫೋಟೊ ಕೇಳು, ಬಿರುಕು ಅಲ್ಲೇ ಶುರುವಾಗೋದು.

ನಾಗರಾಜ: ಇಷ್ಟೆಲ್ಲ ತಾಪತ್ರಯ ಯಾಕೆ? ರೂಗರ್ ನಂಬರ್ 1 ತಗೊಳ್ಳಿ. ಒಂದೇ ಗುಂಡು, ಕೆಳಗೆ ಲಿವರ್, ಸೇಫ್ಟಿ ಬೆನ್ನ ಮೇಲೆ. ಎಡಗೈ ಬಲಗೈ ಅನ್ನೋ ಪ್ರಶ್ನೆಯೇ ಇಲ್ಲ. .375 ಎಚ್ ಅಂಡ್ ಎಚ್‌ನಲ್ಲೂ ಬಂದಿದೆ, ಹರೀಶನ ಅಂಗಡಿ ತೋಟೆಯೂ ಸರಿಹೋಗುತ್ತೆ.

ಹರೀಶ: ನೋಡಿ, ಇದು ಯೋಚಿಸೋ ಮಾತು. ಜೊತೆಗಿರೋ ವೃತ್ತಿ ಬೇಟೆಗಾರ ಎರಡನೇ ಗುಂಡಿಗೆ ಸಿದ್ಧ ಇರ್ತಾನೆ. ಆದರೆ ಎಮ್ಮೆಗೆ ಒಂಟಿ ಗುಂಡಿನ ಕೋವಿ ತರ್ತೀನಿ ಅಂತ ಅವನಿಗೆ ಮುಂಚೆಯೇ ಬರೆದು ಒಪ್ಪಿಗೆ ತಗೋಬೇಕು.

ಪೂವಯ್ಯ: ಅದು ನಿಜ, ಸರಿಯಾದ ದಾರಿಯೇ. ಬ್ಲೇಸರ್ ಆರ್8 ಕೂಡ ಎಡಗೈಗೆ ಕಾರ್ಖಾನೆಯಿಂದಲೇ ಬರುತ್ತೆ, .375 ಎಚ್ ಅಂಡ್ ಎಚ್‌ನಲ್ಲೂ. ದುಡ್ಡು ಬೇಕು, ಅಷ್ಟೇ. ಜೋಡಿನಳಿಗೆ ತಗೋತೀನಿ ಅಂದ್ರೆ ಮರದ ಬಾಗು ಯಾವ ಕಡೆಗಿದೆ ನೋಡಬೇಕು. ಬಲಗೈಗೆ ಬಾಗಿಸಿದ್ದು ಎಡಚನ ಕೆನ್ನೆಗೆ ಒದೆಯುತ್ತೆ.

ಸುಮಾ (ಸಿಯಾಟಲ್): ಒಂದು ಪ್ರಶ್ನೆ. ನನ್ನ ತಮ್ಮ ಎಚ್-1ಬಿ ವೀಸಾದಲ್ಲಿದ್ದಾನೆ. ಅವನೂ ಎಡಚ, ಇದನ್ನೆಲ್ಲ ಓದಿ ತನಗೂ ಬೇಕು ಅಂತಾನೆ. ಆಗುತ್ತಾ?

ಪೂವಯ್ಯ: ಅಮೆರಿಕದ ಫೆಡರಲ್ ಕಾನೂನು ಪ್ರಕಾರ ಎಚ್-1ಬಿ ಥರದ ವೀಸಾದವರು ಕೋವಿ ಇಟ್ಕೊಳ್ಳೋ ಹಾಗಿಲ್ಲ ಸುಮಾ. ವಿನಾಯಿತಿ ಇದೆ, ಅಲ್ಲಿನ ಯಾವುದಾದ್ರೂ ರಾಜ್ಯದ ಚಾಲ್ತಿ ಬೇಟೆ ಪರವಾನಗಿ ಕೈಲಿರಬೇಕು. ಆ ಪರವಾನಗಿ ಮುಗಿದ ದಿನ ವಿನಾಯಿತಿಯೂ ಮುಗೀತು, ಕೋವಿ ಮನೇಲಿದ್ರೆ ಅದೇ ಅಪರಾಧ. ಗ್ರೀನ್ ಕಾರ್ಡಿನವರಿಗೆ ಈ ತೊಡಕಿಲ್ಲ. ರಾಜ್ಯದ ನಿಯಮ ಬೇರೆ ಇರುತ್ತೆ, ವಕೀಲರನ್ನ ಕೇಳದೆ ಮುಂದುವರಿಯಬೇಡ.

ನಾಗರಾಜ: ಮಂದಣ್ಣ, ಹೊರಡೋ ಮುಂಚೆ ಕಸ್ಟಮ್ಸ್ ಕಚೇರಿಗೆ ಕೋವಿ ಸಮೇತ ಹೋಗಿ 4457 ಫಾರಂಗೆ ಮುದ್ರೆ ಹಾಕಿಸ್ಕೋ. ವಾಪಸ್ ಬರುವಾಗ ಅದು ನಿನ್ನದೇ ಅನ್ನೋಕೆ ಅದೇ ದಾಖಲೆ. ತೋಟೆಗೆ ವಿಮಾನದವರ ಮಿತಿ ಸಾಮಾನ್ಯವಾಗಿ 5 ಕೆಜಿ. .375ರ 40 ತೋಟೆ 2 ಕೆಜಿ ಆಸುಪಾಸು.

ದೇಚಮ್ಮ: ಯಾರಾದ್ರೂ ಇದನ್ನ ಊರಿಗೆ ತರೋ ಯೋಚನೆ ಮಾಡ್ತಿದ್ರೆ ಈಗಲೇ ಬಿಡಿ. ಕೊಡವರಿಗೆ, ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೆ 2029ರ ಅಕ್ಟೋಬರ್ ತನಕ ಇರೋದು ಪರವಾನಗಿ ವಿನಾಯಿತಿ. ಆಮದಿನ ನಿಯಮ ಬೇರೆ, 1972ರ ವನ್ಯಜೀವಿ ಕಾನೂನು ಬೇರೆ. ಬೇಟೆಗೆ ಆ ವಿನಾಯಿತಿ ಅನ್ವಯಿಸಲ್ಲ.

ಮಂದಣ್ಣ: ಮಾರುವವನ ಉತ್ತರ ಬಂತು. ಆಕ್ಷನ್ ಬಲಗೈದೇ ಅಂತೆ, ಮರ ಆಮೇಲೆ ಮಾಡಿಸಿದ್ದಂತೆ. ಜಾಹೀರಾತು ತಿದ್ದುತ್ತೇನೆ ಅಂದಿದ್ದಾನೆ. ನಾನು ಕೂಗಲ್ಲ.

ಪೂವಯ್ಯ: ಒಳ್ಳೇದಾಯ್ತು. ಈಗ ಹರಾಜು ತಾಣದಲ್ಲಿ ಹುಡುಕಾಟ ಉಳಿಸಿ ಎಚ್ಚರಿಕೆ ಇಟ್ಕೋ. ಒಂದು ಎಡಗೈ ಹಾಕ್‌ಐ .375 ರೂಗರ್, ಒಂದು ಎಡಗೈ .300 ವಿನ್ ಮ್ಯಾಗ್ ಪಂಜದ್ದು, ಒಂದು ಎಡಗೈ ಮಾಡೆಲ್ 70 .375. ಸಿಕ್ಕಿದ್ದು ಯಾವುದೇ ಇರಲಿ, ಬಿಡಿ ಎಕ್ಸ್‌ಟ್ರಾಕ್ಟರ್, ಫೈರಿಂಗ್ ಪಿನ್ ಸ್ಪ್ರಿಂಗ್ ಎರಡೂ ಆಗಲೇ ತಗೋ. ಎಡಗೈ ಬಿಡಿಭಾಗ ಆಮೇಲೆ ಹುಡುಕಿದ್ರೆ ಸಿಗಲ್ಲ. ದುರ್ಬೀನಿನ ಒಂದೇ ತುಂಡಿನ ಪೀಠ ಕೊಳ್ಳೋದಾದ್ರೆ ಎಡಗೈ ಕಿಂಡಿಗೆ ಕೊರೆದದ್ದು ಅಂತ ಕೇಳಿ ತಗೋ. ಬಲಗೈದು ಹಾಕಿದ್ರೆ ತೋಟೆ ತುಂಬೋ ಜಾಗಕ್ಕೆ ಅಡ್ಡ ಬರುತ್ತೆ.

ಹರೀಶ: ಮೂರನೇ ಹುಡುಕಾಟ ಮೊದಲನೇದು ಮಾಡು ಮಂದಣ್ಣ. ತೋಟೆ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ.

ಮಂದಣ್ಣ: ಮೂರೂ ಹಾಕಿದೆ. ನಂಬರ್ 1 ಕೂಡ ಸೇರಿಸಿದೆ. ಹರೀಶ, ಆ ಬೇಟೆಗಾರನಿಗೆ ಒಂಟಿ ಗುಂಡಿನ ಕೋವಿ ಒಪ್ಪಿಗೆಯಾ ಅಂತ ಇವತ್ತೇ ಕೇಳಿ ಹೇಳು.