ಮೂಗಿನ ಅಲರ್ಜಿಗೆ ಚರ್ಮದ ಟೆಸ್ಟಾ, ರಕ್ತದ ಟೆಸ್ಟಾ? ಮಾಡಿಸಿದವರು ಹೇಳಿ

ಕೇಳಿದವರು, ಹಾಸನ: ಮಗಳಿಗೆ 11 ವರ್ಷ. ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು. ದಿನಾ ರಾತ್ರಿ ಲಿವೋಸೆಟ್ರಿಜಿನ್ ಅನ್ನೋ ಅಲರ್ಜಿ ಮಾತ್ರೆ ಕೊಡ್ತಿದೀವಿ. ಎರಡರಲ್ಲಿ ಒಂದು ಟೆಸ್ಟ್ ಮಾಡಿಸಿ ಅಂದಿದಾರೆ ಡಾಕ್ಟ್ರು. ಮುಂದಿನ ವಾರ ಅವಳಿಗೆ ಶಾಲೆ ಪರೀಕ್ಷೆ ಬೇರೆ.

ತೋಟದವನು, ಮೂಡಿಗೆರೆ: ರಕ್ತ ಕೊಟ್ಟು ಕೈ ಸುಟ್ಟುಕೊಂಡವನು ನಾನು. ಮೊದಲು ಬರೀ ಟೋಟಲ್ ಐಜಿಇ, ಅಂದ್ರೆ ಅಲರ್ಜಿ ಇದ್ರೆ ರಕ್ತದಲ್ಲಿ ಏರೋ ಪ್ರೋಟೀನ್ ಒಟ್ಟು ಎಷ್ಟಿದೆ ಅಂತ. 1,100 ರೂಪಾಯಿ. 860 ಬಂತು, ಜಾಸ್ತಿನೇ. ಯಾವುದಕ್ಕೆ ಅಲರ್ಜಿ ಅಂತ ಅದು ಹೇಳಲ್ಲ. ಜಂತುಹುಳ ಇದ್ರೂ ಏರುತ್ತೆ ಅಂತ ಆಮೇಲೆ ಗೊತ್ತಾಯ್ತು. ಮತ್ತೆ ಒಂದೊಂದು ವಸ್ತುವಿಗೂ ಬೇರೆ ಬೇರೆ ಐಜಿಇ ನೋಡೋ ಪ್ಯಾನೆಲ್, 7,800. ಸ್ಯಾಂಪಲ್ ಬೆಂಗಳೂರಿಗೆ ಹೋಗಿ ರಿಪೋರ್ಟ್ ಬರೋಕೆ 9 ದಿನ. ಡಸ್ಟ್ ಮೈಟು (ಮನೆ ಧೂಳಿನ ಸಣ್ಣ ಹುಳ), ಜಿರಳೆ, ಸೀಗಡಿ ಮೂರೂ ಪಾಸಿಟಿವ್. ಚಿಕ್ಕಂದಿನಿಂದ ಸೀಗಡಿ ತಿಂದವನು, ಒಂದು ದಿನ ತುಟಿ ಊದಿಲ್ಲ. ಆದ್ರೂ ಹೆದರಿ ಎಂಟು ತಿಂಗಳು ಬಿಟ್ಟೆ. ಸೀನು ಮಾತ್ರ ಹಾಗೇ ಇತ್ತು. 8,900 ರೂಪಾಯಿ ನೀರಲ್ಲಿ ಹೋಯ್ತು.

ಟೀಚರ್, ಹಾಸನ: ಸಾರ್, ಆ ಮೂರರಲ್ಲೂ ಟ್ರೋಪೊಮಯೋಸಿನ್ ಅಂತ ಒಂದೇ ಥರದ ಪ್ರೋಟೀನ್ ಇದೆ. ಒಂದಕ್ಕೆ ಇದ್ರೆ ಇನ್ನೊಂದೂ ತೋರಿಸಬಹುದು. ಚರ್ಮದ ಟೆಸ್ಟಲ್ಲೂ ಅಷ್ಟೇ. ಪಾಸಿಟಿವ್ ಬಂದಿದ್ದಕ್ಕೆಲ್ಲ ಕಾಯಿಲೆ ಇದೆ ಅಂತಲ್ಲ, ತಿಂದ್ರೆ ಏನಾಗುತ್ತೆ ಅಂತ ನಿಮ್ಮನ್ನ ಕೇಳಬೇಕಿತ್ತು. ನಾನು ಚರ್ಮದ್ದೇ ಮಾಡಿಸಿದ್ದು, ಎರಡು ಸಲ. ಒಂದೊಂದು ವಸ್ತುವಿನ ಹನಿ ಹಾಕಿ ಚುಚ್ತಾರೆ, ಅಲರ್ಜಿ ಇದ್ರೆ ಆ ಜಾಗ ಊದುತ್ತೆ. ಮೊದಲ ಸಲ ಎರಡು ದಿನ ಹಿಂದೆ ನೆಗಡಿ ಮಾತ್ರೆ ನುಂಗಿದ್ದೆ. ಆ ಮಾತ್ರೆ ಊತ ತಡೆಯುತ್ತೆ. ಯಾರಿಗಾದ್ರೂ ಊದಬೇಕಾದ ಹಿಸ್ಟಮಿನ್ ಹನಿ ಹಾಕಿದ ಜಾಗವೇ ಏಳಲಿಲ್ಲ, ವಾಪಸ್ ಕಳಿಸಿದ್ರು. ಒಂದು ಸಿಎಲ್ ಹೋಯ್ತು. ಆಮೇಲೆ ಆಷಾಢದ ಜಡಿಮಳೆಯಲ್ಲಿ ಏಳು ದಿನ ಮಾತ್ರೆ ಇಲ್ಲದೆ ಇದ್ದೆ. ಮೂರು ರಾತ್ರಿ ಕೂತೇ ಕಳೆದೆ. ಆದ್ರೆ ಎರಡನೇ ಸಲ ಇಪ್ಪತ್ತು ನಿಮಿಷಕ್ಕೆ ಕಣ್ಣೆದುರೇ ಉತ್ತರ! ಊತ 3 ಮಿಲಿಮೀಟರ್ ದಾಟಿದ್ರೆ ಪಾಸಿಟಿವ್, ನನಗೆ ಡಸ್ಟ್ ಮೈಟಿಗೆ 7. ಖರ್ಚು 3,500.

ಸಕಲೇಶಪುರದಿಂದ: ಎಲ್ಲರಿಗೂ ಚರ್ಮದ್ದು ಆಗಲ್ಲ ಮೇಡಂ. ನಮ್ಮಮ್ಮನಿಗೆ ಬಿಪಿಗೆ ಬೀಟಾ ಬ್ಲಾಕರ್ ಅನ್ನೋ ಮಾತ್ರೆ ನಡೀತಿದೆ, ಡಾಕ್ಟ್ರು ಬೇಡ ಅಂದ್ರು. ನನಗೆ ಉಗುರು ತಾಕಿದ್ರೂ ಬರೆ ಏಳುತ್ತೆ, ಎಲ್ಲಾ ಚುಕ್ಕೆಯೂ ಊದುತ್ತೆ. ನಮಗೆ ಗತಿ ರಕ್ತವೇ. ನೀರಲ್ಲಿ ಹೋಯ್ತು ಅಂತ ಬರೆದು ಜನರನ್ನ ಹೆದರಿಸಬೇಡಿ ಸಾರ್.

ತೋಟದವನು: ದುಡ್ಡು ಕಳಕೊಂಡಿದ್ದು ನಾನು ಕಣ್ರೀ. ಹೇಳೋದೂ ತಪ್ಪಾ?

ಚಿಕ್ಕಮಗಳೂರಿನವನು: ನನಗೆ ಎರಡೂ ಆಯ್ತು, ಎರಡೂ ನೆಗೆಟಿವ್. ಕಾಫಿ ಬೀಜ ಹದ ಮಾಡೋ ಕ್ಯೂರಿಂಗ್ ವರ್ಕ್ಸ್‌ನಲ್ಲಿ 14 ವರ್ಷ ಕೆಲಸ. ಸೋಮವಾರ ಸೀನು ಶುರು, ಭಾನುವಾರ ಮೂಗು ಸ್ವಚ್ಛ. ಹುರಿಯದ ಕಾಫಿ ಬೀಜದ ಧೂಳು ಆ ಪ್ಯಾನೆಲ್‌ಗಳಲ್ಲಿ ಇರಲೇ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದು ಹೇಗೆ ಸಿಗುತ್ತೆ? ಏನು ಕೆಲಸ ಅಂತ ಮೂರನೇ ಡಾಕ್ಟ್ರು ಕೇಳಿದಾಗಲೇ ಗೊತ್ತಾಗಿದ್ದು.

ತೋಟದವನು: ಈಗ ಕಾಫಿ ಮೇಲೆ ಹಾಕ್ತೀರಾ? ನಮ್ಮಪ್ಪ ಅರವತ್ತು ವರ್ಷ ಕಣದಲ್ಲಿ ಕಾಫಿ ಒಣಗಿಸಿದ್ರು, ಒಂದು ಸೀನು ಕಾಣೆ.

ಚಿಕ್ಕಮಗಳೂರಿನವನು: ಕಣದ ಗಾಳಿ ಬೇರೆ, ಬಾಗಿಲು ಮುಚ್ಚಿದ ಗೋದಾಮು ಬೇರೆ ಅಣ್ಣ. ಒಂದು ವಾರ ಬಂದು ಮೂಟೆ ಸುರಿದು ನೋಡಿ.

ಕೇಳಿದವರು: ಪರೀಕ್ಷೆ ವಾರ ಮಾತ್ರೆ ನಿಲ್ಲಿಸೋದು ಹೇಗೆ ಅಂತ ಯಾರಾದ್ರೂ ಹೇಳ್ತೀರಾ?

ಸಕಲೇಶಪುರದಿಂದ: ನಿಲ್ಲಿಸಬೇಡಿ ಅಕ್ಕ. ರಕ್ತದ ಟೆಸ್ಟಿಗೆ ಮಾತ್ರೆ ಅಡ್ಡಿ ಬರಲ್ಲ. ಬರೀ ಟೋಟಲ್ ಬೇಡ, ಯಾವುದಕ್ಕೆ ಅಲರ್ಜಿ ಅಂತ ನೋಡೋ ಸ್ಪೆಸಿಫಿಕ್ ಐಜಿಇ ಅಂತ ಬರೆಸಿಕೊಳ್ಳಿ.

ಟೀಚರ್: ಪರೀಕ್ಷೆ ಮುಗಿಸಿ ಚರ್ಮದ್ದೇ ಮಾಡಿಸಿ, 3,500ರಲ್ಲಿ ಮುಗಿಯುತ್ತೆ.