ಎದುರಿಗೆ ಅಳೆದರೆ ಸಪಾಟು, ಕೂತು ಕೇಳಿದರೆ ಗಡುಸು: ಹೆಂಚಿನ ಮನೆಗೆ ಎಂಥ ಸ್ಪೀಕರ್?

ಗೋಣಿಕೊಪ್ಪ_ಕೇಳುಗ
ಕೋಣೆ 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ರೆಡ್ ಆಕ್ಸೈಡ್ ನೆಲ, ಗಾರೆ ಗೋಡೆ, ಮೇಲೆ ಹಲಗೆ ಮುಚ್ಚಿಗೆ. ತಗ್ಗಿನ ದನಿಗೆ 8 ಇಂಚಿನ ವೂಫರ್, ಮೇಲಿನ ದನಿಗೆ 1 ಇಂಚಿನ ಸಿಲ್ಕ್ ಡೋಮ್ ಟ್ವೀಟರ್, ಎರಡಕ್ಕೂ ದನಿ ಹಂಚುವ ಕ್ರಾಸೋವರ್ 2 ಕಿಲೋಹರ್ಟ್ಜ್‌ನಲ್ಲಿ. ಒಂದು ಮೀಟರ್ ಎದುರಿಗೆ ಮೈಕ್ ಇಟ್ಟು ಅಳೆದರೆ ಯಾವ ಕಂಪನ ಎಷ್ಟು ಜೋರು ಎಂದು ತೋರಿಸುವ ಗೆರೆ ಸಪಾಟು. ಕೂತು ಕೇಳಿದರೆ ಪಿಟೀಲು, ಹೆಣ್ಣುದನಿ ಎರಡೂ ಗಡುಸು. ಈಕ್ವಲೈಜರ್‌ನಲ್ಲಿ 3 ಕಿಲೋಹರ್ಟ್ಜ್ ಸುತ್ತ 3 ಡಿಬಿ ಇಳಿಸಿದರೆ ಗಡುಸು ಹೋಗುತ್ತೆ, ಜೊತೆಗೆ ಹಾಡುವವರೂ ಪರದೆ ಹಿಂದೆ ಹೋದ ಹಾಗಾಗುತ್ತೆ. ತಪ್ಪು ಎಲ್ಲಿದೆ?

ಬೆಸುಗೆಕಡ್ಡಿ
ತಪ್ಪಿರುವುದು ಎದುರಿನ ಗೆರೆಯಲ್ಲಲ್ಲ, ಪಕ್ಕಕ್ಕೆ ಚೆಲ್ಲುವ ದನಿಯಲ್ಲಿ. 8 ಇಂಚಿನ ವೂಫರಿನ ಕೋನು ಅಳೆದರೆ ಸುಮಾರು 16.5 ಸೆಂ.ಮೀ. 2 ಕಿಲೋಹರ್ಟ್ಜ್‌ನಲ್ಲಿ ಅಲೆಯ ಉದ್ದ 17 ಸೆಂ.ಮೀ. ಎರಡೂ ಹತ್ತಿರ ಬಂದಾಗ ದನಿ ಟಾರ್ಚ್ ಬೆಳಕಿನಂತೆ ಮುಂದಕ್ಕೆ ಕೂಡುತ್ತದೆ. 45 ಡಿಗ್ರಿ ಪಕ್ಕದಲ್ಲಿ ಆಗಲೇ 6 ಡಿಬಿ ಹತ್ತಿರ ಕಡಿಮೆ. ಅದೇ ಜಾಗದಲ್ಲಿ ಕೆಲಸ ಕೈಗೆತ್ತಿಕೊಳ್ಳುವ 25 ಮಿ.ಮೀ. ಡೋಮ್ ಪೂರ್ತಿ ಅರ್ಧಗೋಳಕ್ಕೆ ಚೆಲ್ಲುತ್ತದೆ. ಅಂದರೆ ಪಕ್ಕದ ಗೋಡೆಗೆ 1.8 ಕಿಲೋಹರ್ಟ್ಜ್‌ನಲ್ಲಿ ಕಡಿಮೆ, 2.5ರಿಂದ 4ರವರೆಗೆ ಒಮ್ಮೆಲೇ ಜಾಸ್ತಿ. ಗಾರೆ ಗೋಡೆ ಅದನ್ನು ಹಾಗೇ ವಾಪಸ್ ಕಳಿಸುತ್ತದೆ. ಈಕ್ವಲೈಜರ್ ಎದುರು, ಪಕ್ಕ ಎರಡನ್ನೂ ಒಟ್ಟಿಗೇ ಇಳಿಸುತ್ತದೆ, ಬೇರೆಬೇರೆ ಮಾಡಲಾರದು. ಪರದೆ ಹಿಂದೆ ಹೋದದ್ದು ಅದಕ್ಕೇ.

ಟ್ವೀಟರಿಗೆ 20 ಸೆಂ.ಮೀ. ಅಗಲದ, 90 ಡಿಗ್ರಿ ಕೋನದ ವೇವ್‌ಗೈಡ್ ಹಾಕಿ, ಅಂದರೆ ದನಿಯನ್ನು ಒಂದು ಕೋನದೊಳಗೆ ಹಿಡಿದಿಡುವ ಆಳವಿಲ್ಲದ ಕಹಳೆಬಾಯಿ. ಎಷ್ಟು ಹರ್ಟ್ಜ್‌ನಿಂದ ಮೇಲೆ ಅದು ಕೋನ ಹಿಡಿಯುತ್ತದೆ ಎನ್ನಲು ಹಾರ್ನ್ ವಿನ್ಯಾಸಕಾರ ಕೀಲ್ ಅವರ ಸೂತ್ರವಿದೆ: 25,300ನ್ನು ಕೋನ ಮತ್ತು ಮೀಟರಿನಲ್ಲಿ ಅಗಲ ಇವೆರಡರ ಗುಣಲಬ್ಧದಿಂದ ಭಾಗಿಸಿ. ಇಲ್ಲಿ ಸುಮಾರು 1,400 ಹರ್ಟ್ಜ್. ನಿಮ್ಮ ಕ್ರಾಸೋವರಿಗೆ ಸಾಕಷ್ಟು ಕೆಳಗೆ.

ಸೋಮವಾರಪೇಟೆ_ಕಂಬಳಿ
ಇಷ್ಟಕ್ಕೆಲ್ಲ ಪೆಟ್ಟಿಗೆ ಒಡೆಯಬೇಕಾ ಅಣ್ಣ? ಒಂದು ಜಮಖಾನ, ಎರಡು ಕಿಟಕಿಗೆ ಪರದೆ. ಮುಗೀತು.

ಬೆಸುಗೆಕಡ್ಡಿ
ಲೆಕ್ಕ ಹಾಕಿ ನೋಡೋಣ. ಕೋಣೆ 51 ಘನಮೀಟರ್. ಪ್ರತಿಧ್ವನಿ ಕಾಲ (ಕೋಣೆಯಲ್ಲಿ ದನಿ ಆರಲು ಹಿಡಿಯುವ ಹೊತ್ತು) 0.7 ಸೆಕೆಂಡ್ ಇದ್ದರೆ ಅದನ್ನು 0.4ಕ್ಕೆ ತರಲು ಸಬೈನ್ ಸೂತ್ರದಂತೆ ಸುಮಾರು 9 ಚದರ ಮೀಟರ್ ಪೂರ್ತಿ ಹೀರುವ ಮೈ ಇನ್ನೂ ಬೇಕು. ತೆಳು ಜಮಖಾನ 500 ಹರ್ಟ್ಜ್ ಕೆಳಗೆ ಹೀರುವುದು ಅಷ್ಟಕ್ಕಷ್ಟೇ, ಮೇಲಿನದನ್ನು ಮಾತ್ರ ತಿನ್ನುತ್ತದೆ. ಕೋಣೆ ಮಂಕಾಗುತ್ತದೆ, ಮಧ್ಯದ ಗದ್ದಲ ಹಾಗೇ ಉಳಿಯುತ್ತದೆ. 10 ಸೆಂ.ಮೀ. ದಪ್ಪದ, ಬಟ್ಟೆ ಸುತ್ತಿದ ರಾಕ್‌ವೂಲ್ (ಕಲ್ಲಿನ ನಾರು) ಹಲಗೆ ಬೇರೆ ಮಾತು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆಗೆ ಅಂಟಿಸಿಟ್ಟ ಬಟ್ಟೆ ಬೂಷ್ಟು ಹಿಡಿಯದೆ ಉಳಿದರೆ ಹೇಳಿ. ಹಲಗೆ, ಗೋಡೆ ನಡುವೆ ಎರಡು ಇಂಚು ಗಾಳಿ ಬಿಡಲೇಬೇಕು.

ಕಾಫಿಕಣ
ಡೈಪೋಲ್ ಯಾಕೆ ಬೇಡ? ಹಿಂಬದಿ ಪೆಟ್ಟಿಗೆಯೇ ಇಲ್ಲದ ಬರೀ ಹಲಗೆ. ಎರಡೂ ಪಕ್ಕಕ್ಕೆ ದನಿ ತಾನಾಗಿ ರದ್ದಾಗುತ್ತದೆ, ಅದೂ 200 ಹರ್ಟ್ಜ್‌ನಿಂದಲೇ. ಎಲ್ಲ ದಿಕ್ಕಿಗೆ ಚೆಲ್ಲುವ ಸ್ಪೀಕರಿಗಿಂತ ಕೋಣೆಗೆ ಹೋಗುವ ಶಕ್ತಿ 4.8 ಡಿಬಿ ಕಡಿಮೆ. ಸ್ಪೀಕರ್ ವಿನ್ಯಾಸಕಾರ ಲಿಂಕ್‌ವಿಟ್ಜ್ ವರ್ಷಗಟ್ಟಲೆ ಇದನ್ನೇ ತಿದ್ದಿ ತೀಡಿದರು. ನಿಮ್ಮ ವೇವ್‌ಗೈಡ್ 1,400ರ ಕೆಳಗೆ ಏನೂ ಮಾಡದು. 28 ಸೆಂ.ಮೀ. ಅಗಲದ ಪೆಟ್ಟಿಗೆಯಾದರೆ 400 ಹರ್ಟ್ಜ್ ಸುತ್ತಮುತ್ತಲಿಂದ ಕೆಳಗೆ ದನಿ ಹಿಂದಕ್ಕೂ ಸುತ್ತಿಕೊಳ್ಳುತ್ತದೆ.

ಬೆಸುಗೆಕಡ್ಡಿ
ಒಪ್ಪಿದೆ, ಅದು ನಿಜವಾದ ಕೊರತೆ. ಆದರೆ ಡೈಪೋಲಿಗೆ ಹಿಂದಿನ ಗೋಡೆಯಿಂದ ಕನಿಷ್ಠ 1 ಮೀಟರ್ ಬೇಕು. 15 ಅಡಿಯಲ್ಲಿ ಮೂರೂಕಾಲು ಅಡಿ ಅಲ್ಲೇ ಹೋಯಿತು. ತಗ್ಗಿನ ದನಿಯಲ್ಲಿ ಆಕ್ಟೇವಿಗೆ (ಕಂಪನ ಅರ್ಧಕ್ಕಿಳಿದಂತೆಲ್ಲ) 6 ಡಿಬಿ ಬೀಳುವುದನ್ನು ಕೋನಿನ ಓಡಾಟದಿಂದ ತುಂಬಬೇಕು. ಒಂದು 8 ಇಂಚು ತಡೆಯದು, ಎರಡು 12 ಇಂಚು ಎನ್ನಿ.

ಕಾಫಿಕಣ
ಸರಿ, ಇನ್ನೊಂದು ಹೇಳಿ. ವೇವ್‌ಗೈಡ್ ಹಾಕಿದರೆ ಎರಡು ಡ್ರೈವರಿನ (ವೂಫರ್, ಟ್ವೀಟರ್) ನಡುಗಳ ಅಂತರ 21-22 ಸೆಂ.ಮೀ. ಆಗುತ್ತೆ. 2 ಕಿಲೋಹರ್ಟ್ಜ್‌ನಲ್ಲಿ ಮೇಲಕ್ಕೂ ಕೆಳಕ್ಕೂ ಸುಮಾರು 24 ಡಿಗ್ರಿಯಲ್ಲಿ ದನಿ ಸತ್ತೇಹೋಗುತ್ತದೆ. ಪಕ್ಕದ ತೂತು ಮುಚ್ಚಲು ಹೋಗಿ ನೆಲ-ಮುಚ್ಚಿಗೆಗೆ ತೂತು ಕೊರೆದಂತೆ.

ಬೆಸುಗೆಕಡ್ಡಿ
ಹೌದು, ಬಿಟ್ಟಿ ಯಾವುದೂ ಸಿಗದು. ಆದರೆ ಮೇಲೆ-ಕೆಳಗಿನ ಪ್ರತಿಫಲನ ಎರಡು ಕಿವಿಗೂ ಒಂದೇ ಹೊತ್ತಿಗೆ ಬರುತ್ತದೆ, ಪಕ್ಕದ್ದು ಹಾಗಲ್ಲ. ಆಯ್ಕೆ ಮಾಡಲೇಬೇಕೆಂದರೆ ಪಕ್ಕವನ್ನು ಸರಿಮಾಡುತ್ತೇನೆ. ಇಬ್ಬರಿಗೂ ಒಪ್ಪಿಗೆಯಾಗುವ ಜಾಗ ಒಂದಿದೆ: ಸ್ಪೀಕರಿಗೂ ಕುರ್ಚಿಗೂ ಮಧ್ಯದ ನೆಲದಲ್ಲಿ ದಪ್ಪ ಕಂಬಳಿ. ಸೋಮವಾರಪೇಟೆಯವರು ಅಷ್ಟರಮಟ್ಟಿಗೆ ಗೆದ್ದರು.

ಸೋಮವಾರಪೇಟೆ_ಕಂಬಳಿ
😄

ಗೋಣಿಕೊಪ್ಪ_ಕೇಳುಗ
ವೇವ್‌ಗೈಡನ್ನು ಈಗಿರುವ ಟ್ವೀಟರಿನ ಮೇಲೆ ಹಾಗೇ ಕೂರಿಸಬಹುದಾ?

ಬೆಸುಗೆಕಡ್ಡಿ
ಮುಂದಿನ ತಟ್ಟೆ ಬಿಚ್ಚಲು ಬಂದರೆ ಮಾತ್ರ. ಗಂಟಲು ಡೋಮಿನ ಸುತ್ತಂಚಿಗೆ ಸರಿಯಾಗಿ ಕೂರಬೇಕು. ಒಂದು ಮಿ.ಮೀ. ಮೆಟ್ಟಿಲು ಉಳಿದರೂ 8 ಕಿಲೋಹರ್ಟ್ಜ್‌ನಿಂದ ಮೇಲೆ ಗೆರೆ ನಡುಗತೊಡಗುತ್ತದೆ. ಬಾಯಿಯ ಅಂಚು ಚೂಪಾಗಿ ನಿಲ್ಲಬಾರದು, ಹಲಗೆಯೊಳಗೆ ಉರುಟಾಗಿ ಸೇರಬೇಕು. ಹಳೆಯ ಕ್ರಾಸೋವರ್ ಮರೆತುಬಿಡಿ: 2ರಿಂದ 5 ಕಿಲೋಹರ್ಟ್ಜ್ ನಡುವೆ ಎದುರಿನ ಮಟ್ಟ ಹಲವು ಡಿಬಿ ಏರುತ್ತದೆ, ಅದನ್ನು ಇಳಿಸಿ ಹೊಸದಾಗಿ ಲೆಕ್ಕ ಹಾಕಬೇಕು. ಲಾಭವೂ ಇದೆ, ಟ್ವೀಟರಿಗೆ ಆ ಜಾಗದಲ್ಲಿ ಕಡಿಮೆ ವಿದ್ಯುತ್ ಸಾಕು, ವಿಕೃತಿ ಇಳಿಯುತ್ತದೆ.

ಪೆಟ್ಟಿಗೆಗೆ ಎಂಡಿಎಫ್ (ಮರದ ನಾರು ಒತ್ತಿದ ಹಲಗೆ) ಬೇಡ. ಒಂದು ಮಳೆಗಾಲಕ್ಕೆ ಸ್ಕ್ರೂ ಸುತ್ತ ಉಬ್ಬುತ್ತದೆ. 18 ಮಿ.ಮೀ. ಮರೈನ್ ಪ್ಲೈ ತಗೊಳ್ಳಿ, ಕೊಯ್ದ ಅಂಚಿಗೆ ಒಳಗೂ ಹೊರಗೂ ಸೀಲರ್ ಬಳಿಯಿರಿ.

ಕಾಫಿಕಣ
ಅಳೆಯುವ ವಿಷಯ ನಾನು ಹೇಳುತ್ತೇನೆ. ಕೋಣೆಯಲ್ಲಿ ಪಕ್ಕದ ದನಿ ಅಳೆಯಲು ಹೋದರೆ ಗೋಡೆಯೇ ಉತ್ತರ ಕೊಡುತ್ತದೆ. ಸ್ಪೀಕರ್, ಮೈಕ್ ಎರಡನ್ನೂ ಅಂಗಳದಲ್ಲಿ 1.5 ಮೀಟರ್ ಎತ್ತರಕ್ಕೇರಿಸಿ, ನಡುವೆ 1 ಮೀಟರ್ ಬಿಡಿ. ನೆಲದ ಪ್ರತಿಫಲನ 6.3 ಮಿಲಿಸೆಕೆಂಡ್ ತಡವಾಗಿ ಬರುತ್ತದೆ; ಅಳತೆಯನ್ನು ಅಷ್ಟರೊಳಗೆ ಕತ್ತರಿಸಿದರೆ 160 ಹರ್ಟ್ಜ್‌ನಿಂದ ಮೇಲಿನದು ಸಿಗುತ್ತದೆ, ಕ್ರಾಸೋವರ್ ಕೆಲಸಕ್ಕೆ ಧಾರಾಳ. ಸ್ಟೂಲಿನ ಮೇಲೆ 10 ಡಿಗ್ರಿಗೊಂದು ಗೀಟು ಎಳೆದು 0ಯಿಂದ 90ರವರೆಗೆ ಹತ್ತು ಸಲ ತಿರುಗಿಸಿ ಅಳೆಯಿರಿ. ಅಳೆಯಲು ಆರ್‌ಇಡಬ್ಲ್ಯೂ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಗೆರೆಗಳು ಒಂದರ ಕೆಳಗೊಂದು ಜೋಡಿ ಎತ್ತಿನ ಹಾಗೆ ಸಾಗಬೇಕು. 2ರಿಂದ 4 ಕಿಲೋಹರ್ಟ್ಜ್ ನಡುವೆ 60 ಡಿಗ್ರಿಯ ಗೆರೆ ಮೇಲೆದ್ದರೆ ಕ್ರಾಸೋವರ್ ಇನ್ನೂ ಕೂತಿಲ್ಲ.

ತಗ್ಗಿನ ದನಿಗೆ ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕಿಂತ ಒಳ್ಳೆ ಜಾಗ ಇಲ್ಲ. ಮೈಕ್ ನೆಲಕ್ಕೇ ಮಲಗಿಸಿ, ಸ್ಪೀಕರನ್ನೂ ನೆಲಕ್ಕಿಳಿಸಿ ಮೈಕಿನ ಕಡೆ ಬಾಗಿಸಿ, ಬಂದ ಮಟ್ಟದಲ್ಲಿ 6 ಡಿಬಿ ಕಳೆಯಿರಿ. ಗಾಳಿ ಏಳುವ ಮುಂಚೆ, ಬೆಳಿಗ್ಗೆಯೇ.

ಗೋಣಿಕೊಪ್ಪ_ಕೇಳುಗ
ಅಲ್ಲಿಯವರೆಗೆ ಹೇಗೆ ಇಡಲಿ?

ಬೆಸುಗೆಕಡ್ಡಿ
ಈಗಿರುವುದನ್ನು ನೇರ ಎದುರಿಗಿಡಬೇಡಿ. ಎರಡರ ಮೂತಿಯೂ ನಿಮ್ಮ ಮುಂದೆ ಅರ್ಧ ಮೀಟರಿನಲ್ಲಿ ಕತ್ತರಿ ಹಾಕುವಷ್ಟು ಒಳಕ್ಕೆ ತಿರುಗಿಸಿ. ಪಕ್ಕದ ಗೋಡೆಗೆ ಬೀಳುವ ಟ್ವೀಟರಿನ ಪಾಲು ತುಸು ಇಳಿಯುತ್ತದೆ. ಕ್ರಾಸೋವರನ್ನು ಡಿಎಸ್‌ಪಿಯಲ್ಲಿ (ದನಿಯನ್ನು ಡಿಜಿಟಲ್ಲಾಗಿ ತಿದ್ದುವ ಚಿಪ್ಪು) ಮಾಡಿದ್ದರೆ 1.7 ಕಿಲೋಹರ್ಟ್ಜ್‌ಗೂ ಇಳಿಸಿ ನೋಡಿ, ಆದರೆ ಬರೀ ಡೋಮಿಗೆ ಅಲ್ಲಿ ಉಸಿರು ಕಟ್ಟುತ್ತದೆ, ದನಿ ಜೋರು ಮಾಡಬೇಡಿ.

ಕಾಫಿಕಣ
ಡಿಸೆಂಬರಿಗೆ ಕಣದಲ್ಲಿ ಹಣ್ಣು ಹರಡಿಬಿಡುತ್ತಾರೆ. ಪ್ಲೈ ಕೊಯ್ಯಿಸುವುದಿದ್ದರೆ ಅದಕ್ಕೂ ಮುಂಚೆ.