ವಕೀಲರಿಲ್ಲದೆ ಕೋರ್ಟಿಗೆ ಬಂದವರ ಪಕ್ಕದಲ್ಲಿ ಕಾನೂನು ವಿದ್ಯಾರ್ಥಿ ಕೂರಬಹುದೇ?

ಕಾಯಿದೆ ಓದುವ ಹುಡುಗಿ, ಹುಬ್ಬಳ್ಳಿ

ಐದು ವರ್ಷದ ಕಾನೂನು ಪದವಿ ಓದುವವರು 20 ವಾರ, ಮೂರು ವರ್ಷದವರು 12 ವಾರ ಇಂಟರ್ನ್‌ಶಿಪ್ ಮಾಡಲೇಬೇಕೆಂದು ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಹೇಳುತ್ತವೆ. ಆ ವಾರಗಳಲ್ಲಿ ನಮ್ಮಲ್ಲಿ ಹೆಚ್ಚಿನವರು ಯಾರಾದರೂ ವಕೀಲರ ಕಚೇರಿಯಲ್ಲಿ ಫೈಲು ಜೋಡಿಸುತ್ತೇವೆ, ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕುಳಿತು ವಾಯಿದೆ ಕೊಡುವುದನ್ನು ನೋಡುತ್ತೇವೆ, ಡೈರಿಗೆ ಸಹಿ ಹಾಕಿಸಿಕೊಂಡು ಬರುತ್ತೇವೆ. ಅದೇ ಕಟ್ಟಡದ ಪಡಸಾಲೆಯಲ್ಲಿ ವಕೀಲರಿಲ್ಲದೆ ಬಂದವರು ಸಮನ್ಸ್ ಹಿಡಿದುಕೊಂಡು, ಇದು ಯಾವ ಕೋರ್ಟ್ ಹಾಲ್ ಎಂದು ಕಂಡಕಂಡವರನ್ನು ಕೇಳುತ್ತಿರುತ್ತಾರೆ. ಆ 20 ವಾರಗಳಲ್ಲಿ ಒಂದಷ್ಟನ್ನು ಇಂಥವರ ಜೊತೆ ಕಳೆಯುವುದನ್ನು ಕಾಲೇಜುಗಳು ಏಕೆ ಕಡ್ಡಾಯ ಮಾಡಬಾರದು? ವಾದ ಮಾಡುವ ಮಾತು ನಾನು ಆಡುತ್ತಿಲ್ಲ. ಕಾಗದ ಓದಿ ಹೇಳುವುದು, ಮುಂದಿನ ದಿನಾಂಕ ಬರೆದುಕೊಡುವುದು, ಹೆಸರು ಕೂಗಿದಾಗ ಜೊತೆಗೆ ಹೋಗುವುದು, ಇಷ್ಟೇ.

ತುಮಕೂರು ವಕೀಲ

ಉದ್ದೇಶ ಒಳ್ಳೆಯದು, ಆದರೆ ನಾನು ಒಪ್ಪುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮು ಓದಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿದರೆ ಯಾರನ್ನು ಕಾಣಬೇಕೆಂದು ತಿಳಿಸುತ್ತಾರೆ. ಸನ್ನದು, ಎಂದರೆ ವೃತ್ತಿಯ ಪರವಾನಗಿ, ಇರುವ ವಕೀಲರು ನಿಲ್ಲಬೇಕಾದ ಜಾಗದಲ್ಲಿ ಪರೀಕ್ಷೆ ಮುಗಿಸದ ಮಕ್ಕಳನ್ನು ನಿಲ್ಲಿಸಿದರೆ ಬಡವರ ಪಾಲಿಗೆ ಅರ್ಧ ನೆರವೇ ಗತಿಯಾಗುತ್ತದೆ. ಸಿವಿಲ್ ದಾವೆಯಲ್ಲಿ ಪ್ರತಿವಾದಿ ಸಮನ್ಸ್ ತಲುಪಿದ 30 ದಿನಗಳಲ್ಲಿ ಲಿಖಿತ ಹೇಳಿಕೆ, ಎಂದರೆ ದಾವೆಗೆ ತನ್ನ ಉತ್ತರ, ಸಲ್ಲಿಸಬೇಕು. ನ್ಯಾಯಾಲಯ ಸಾಮಾನ್ಯವಾಗಿ ಹೆಚ್ಚೆಂದರೆ 90 ದಿನಗಳವರೆಗೆ ಬಿಡಬಹುದು. ‘ಇನ್ನೂ ಸಮಯವಿದೆ’ ಎಂದು ವಿದ್ಯಾರ್ಥಿ ಅಂದಾಜಿನಲ್ಲಿ ಹೇಳಿದ ಒಂದು ಮಾತಿಗೆ ಮನೆ ಕಳೆದುಕೊಂಡರೆ ಹೊಣೆ ಯಾರು ಹೊರುತ್ತಾರೆ?

ಹೊಲಿಗೆಯ ಅಕ್ಕ

ವಕೀಲರೇ, ನನಗೂ ಉಚಿತ ವಕೀಲರನ್ನು ಕೊಟ್ಟಿದ್ದರು. ಅವರು ಬಂದ ದಿನಗಳಿಗಿಂತ ಬಾರದ ದಿನಗಳೇ ಹೆಚ್ಚು. ಕೊನೆಗೆ ನಾನೇ ನಿಂತೆ. ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆಸ್ತಿ, ಸಾಲ, ಆದಾಯದ ವಿವರವುಳ್ಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿದೆಯಂತೆ. ನಿಯಮ ಒಳ್ಳೆಯದೇ, ಗಂಡ ಸಂಬಳ ಮುಚ್ಚಿಡುವುದು ಕಷ್ಟವಾಗುತ್ತದೆ. ಆದರೆ ಆ ನಮೂನೆಯಲ್ಲಿ ‘ತಿಂಗಳ ಆದಾಯ’ ಎಂಬ ಕಡೆ ನಾನು ಏನು ಬರೆಸಬೇಕು? ನಾನು ರವಿಕೆ ಹೊಲಿಯುವವಳು. ಗೌರಿ ಹಬ್ಬದ ಮುಂದೆ ಕೈತುಂಬ ಕೆಲಸ, ಆಷಾಢದಲ್ಲಿ ಯಂತ್ರಕ್ಕೆ ಬಟ್ಟೆ ಹೊದಿಸಿ ಇಡುತ್ತೇನೆ. ಕೋರ್ಟಿನ ಹೊರಗೆ ಕೂರುವ ಟೈಪಿಸ್ಟು ‘ಎಲ್ಲರೂ ಹೀಗೇ ಬರೆಸುತ್ತಾರೆ’ ಎಂದು ಹಬ್ಬದ ತಿಂಗಳ ಸಂಪಾದನೆಯನ್ನೇ ಪ್ರತಿ ತಿಂಗಳ ಆದಾಯವೆಂದು ಟೈಪ್ ಮಾಡಿದ. ಪಾಟೀಸವಾಲಿನಲ್ಲಿ ಎದುರು ವಕೀಲರು ಆ ಒಂದು ಅಂಕಿಯನ್ನೇ ಹಿಡಿದು ನನ್ನನ್ನು ಸುಳ್ಳುಗಾತಿ ಮಾಡಿದರು.

ಹುಡುಗರು ತಪ್ಪು ಹೇಳಿಯಾರು ಎಂದು ನೀವು ಹೆದರುತ್ತೀರಿ. ಈಗ ನಮಗೆ ಹೇಳಿಕೊಡುತ್ತಿರುವವರು ಯಾರು ಎಂದು ಒಮ್ಮೆ ಹೊರಗೆ ಬಂದು ನೋಡಿ. ಟೈಪಿಸ್ಟು, ಝೆರಾಕ್ಸ್ ಅಂಗಡಿಯವನು, ಸಾಹೇಬರು ನನಗೆ ಗೊತ್ತು ಎನ್ನುವ ದಲ್ಲಾಳಿ. ಅವರೆಲ್ಲ ದುಡ್ಡನ್ನೂ ತೆಗೆದುಕೊಳ್ಳುತ್ತಾರೆ.

ಕ್ಲಿನಿಕ್ ಮೇಷ್ಟ್ರು

ಕಾನೂನು ಕಾಲೇಜಿನಲ್ಲಿ ಉಚಿತ ಕಾನೂನು ನೆರವು ಕೇಂದ್ರ (ಕ್ಲಿನಿಕ್) ನೋಡಿಕೊಳ್ಳುವವನು ನಾನು. ಕಾಯಿದೆಯ ಬೆಂಬಲ ಮೊದಲಿನಿಂದಲೂ ಇದೆ. 1987ರ ಕಾಯಿದೆಯ 4ನೇ ಕಲಮೇ ಕಾಲೇಜುಗಳ ಕಾನೂನು ಸೇವಾ ಕೇಂದ್ರಗಳ ಮಾತು ಆಡುತ್ತದೆ, 2011ರಲ್ಲಿ ಅದಕ್ಕೆ ಪ್ರತ್ಯೇಕ ವಿನಿಯಮಗಳೂ ಬಂದಿವೆ. ತೊಡಕು ಬೇರೆ ಎರಡು ಕಡೆ ಇದೆ.

ಒಂದು, ಪೂರ್ಣಾವಧಿ ಸಂಬಳದ ಅಧ್ಯಾಪಕರು ವಕೀಲಿ ವೃತ್ತಿ ಮಾಡುವಂತಿಲ್ಲ. ಎಂದರೆ ಕಾಲೇಜಿನ ಕೇಂದ್ರದಲ್ಲಿ ವಕಾಲತ್ತಿಗೆ, ಎಂದರೆ ಕಕ್ಷಿದಾರರ ಪರ ಹಾಜರಾಗುವ ಅಧಿಕಾರಪತ್ರಕ್ಕೆ, ಸಹಿ ಹಾಕುವವರೇ ಇರುವುದಿಲ್ಲ. ಅರ್ಜಿ ಬರೆಯುವವರೆಗೆ ನಾವು, ಆಮೇಲೆ ದೇವರೇ ಗತಿ. ಎರಡನೆಯದು ಇನ್ನೂ ಗಟ್ಟಿಯಾದದ್ದು. ಪರಿಷತ್ತಿನ ಅದೇ 2008ರ ನಿಯಮದ ಪ್ರಕಾರ ಒಂದು ವರ್ಷದಲ್ಲಿ ಇಂಟರ್ನ್‌ಶಿಪ್ ಸತತವಾಗಿ 4 ವಾರ ಮೀರುವಂತಿಲ್ಲ. ಜೀವನಾಂಶದ ಪ್ರಕರಣ ವರ್ಷಗಟ್ಟಲೆ ನಡೆಯುತ್ತದೆ. ವಿದ್ಯಾರ್ಥಿಗೆ ಆ ಅಕ್ಕನ ಕಥೆ ಅರ್ಥವಾಗುವಷ್ಟರಲ್ಲಿ ಅವನ ವಾರಗಳು ಮುಗಿದಿರುತ್ತವೆ. ಹೊಸಬ ಬಂದಾಗ ಆಕೆ ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕು. ನೊಂದವರಿಗೆ ಅದು ಎಂಥ ಹಿಂಸೆ ಎಂಬುದನ್ನು ನಾನು ಎದುರಿಗೆ ಕುಳಿತು ನೋಡಿದ್ದೇನೆ.

ಲೀಡ್ಸ್ ಕನ್ನಡಿಗ

ಇಂಗ್ಲೆಂಡಿನಲ್ಲಿ ಇದಕ್ಕೆ ಹಳೆಯ ದಾರಿಯೊಂದಿದೆ. ಮೆಕೆಂಜಿ ಎಂಬುವರ ವಿಚ್ಛೇದನ ಪ್ರಕರಣದಲ್ಲಿ ಆಸ್ಟ್ರೇಲಿಯಾದ ತರುಣ ವಕೀಲರೊಬ್ಬರು ಪಕ್ಕದಲ್ಲಿ ಕುಳಿತು ಪಿಸುಮಾತಿನಲ್ಲಿ ಸಲಹೆ ಕೊಡುತ್ತಿದ್ದರು. ಅಲ್ಲಿ ವೃತ್ತಿ ಮಾಡುವ ಅರ್ಹತೆ ಅವರಿಗಿರಲಿಲ್ಲ, ನ್ಯಾಯಾಧೀಶರು ತಡೆದರು. 1970ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತಡೆಯೇ ತಪ್ಪು ಎಂದಿತು. ಅಂದಿನಿಂದ ಒಂಟಿಯಾಗಿ ಬಂದವರ ಪಕ್ಕ ಕೂರುವವರನ್ನು ‘ಮೆಕೆಂಜಿ ಫ್ರೆಂಡ್’ ಎನ್ನುತ್ತಾರೆ. ಟಿಪ್ಪಣಿ ಮಾಡಿಕೊಳ್ಳಬಹುದು, ಮೆಲ್ಲಗೆ ನೆನಪಿಸಬಹುದು. ನ್ಯಾಯಾಧೀಶರ ಅನುಮತಿಯಿಲ್ಲದೆ ವಾದಿಸುವಂತಿಲ್ಲ. ‘ಸಪೋರ್ಟ್ ಥ್ರೂ ಕೋರ್ಟ್’ ಎಂಬ ಸಂಸ್ಥೆಯ ಸ್ವಯಂಸೇವಕರಲ್ಲಿ ಕಾನೂನು ವಿದ್ಯಾರ್ಥಿಗಳೂ ಇರುತ್ತಾರೆ. ಅವರು ಫಾರಂ ತುಂಬಿಸುತ್ತಾರೆ, ಕಾಗದ ಜೋಡಿಸುತ್ತಾರೆ, ಕೋರ್ಟ್ ಹಾಲಿಗೆ ಜೊತೆಯಾಗಿ ಹೋಗುತ್ತಾರೆ. ಕಾನೂನು ಸಲಹೆ ಮಾತ್ರ ಕೊಡುವುದಿಲ್ಲ.

ತುಮಕೂರು ವಕೀಲ

ಅದರ ಇನ್ನೊಂದು ಮುಖವನ್ನೂ ಹೇಳಿ. 2012ರ ಕಾಯಿದೆಯ ಮೂಲಕ 2013ರ ಏಪ್ರಿಲ್‌ನಿಂದ ಅಲ್ಲಿನ ಸರ್ಕಾರ ಬಹುಪಾಲು ಕೌಟುಂಬಿಕ ಪ್ರಕರಣಗಳಿಗೆ ಉಚಿತ ನೆರವನ್ನೇ ನಿಲ್ಲಿಸಿತು. ಒಂಟಿಯಾಗಿ ಬರುವವರ ಸಾಲು ಬೆಳೆಯಿತು, ಸ್ವಯಂಸೇವಕರ ಮೇಲೆ ಹೊರೆ ಬಿತ್ತು. ವಿದ್ಯಾರ್ಥಿಗಳಿದ್ದಾರಲ್ಲ, ವಕೀಲರಿಗೆ ಏಕೆ ಹಣ ಎಂದು ನಮ್ಮವರೂ ಕೇಳುವ ದಿನ ಬರಬಾರದು.

ಇನ್ನೊಂದು ಮಾತು. ಕಕ್ಷಿದಾರರು ನನಗೆ ಹೇಳಿದ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ನಾನು ಬಿಟ್ಟುಕೊಡುವಂತಿಲ್ಲ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನ ರಕ್ಷಣೆ ನನ್ನ ಗುಮಾಸ್ತರಿಗೂ ನೌಕರರಿಗೂ ಇದೆ. ಯಾವ ವಕೀಲರ ಕೈಕೆಳಗೂ ಇಲ್ಲದ ವಿದ್ಯಾರ್ಥಿಯ ಹೆಸರು ಆ ಕಲಮಿನಲ್ಲಿಲ್ಲ. ಅಣ್ಣ ಗುಟ್ಟಾಗಿ ದುಡ್ಡು ಕಳಿಸುತ್ತಾನೆ ಎಂದು ಆ ತಾಯಿ ನಿಮ್ಮೆದುರು ಹೇಳಿಕೊಂಡರೆ, ನಾಳೆ ಎದುರು ಪಕ್ಷದವರು ನಿಮ್ಮನ್ನೇ ಸಾಕ್ಷಿಯಾಗಿ ಕರೆಸಲು ಅರ್ಜಿ ಹಾಕುತ್ತಾರೆ.

ಲೀಡ್ಸ್ ಕನ್ನಡಿಗ

ನೆರವು ಕಡಿತದ ಮಾತು ನಿಜ. ಆದರೆ ಸ್ವಯಂಸೇವಕರು ಮನೆಯಲ್ಲಿ ಕುಳಿತಿದ್ದರೆ ಸರ್ಕಾರ ಕಡಿತ ಬಿಡುತ್ತಿತ್ತೇ? ಆ ಸಂಸ್ಥೆ ಶುರುವಾದದ್ದು 2001ರಲ್ಲಿ, ಕಡಿತಕ್ಕಿಂತ ಬಹಳ ಮೊದಲು.

ಕಾಯಿದೆ ಓದುವ ಹುಡುಗಿ, ಹುಬ್ಬಳ್ಳಿ

ಸರ್, ಸಾಕ್ಷ್ಯದ ಮಾತು ಹೇಳಿದ್ದಕ್ಕೆ ಧನ್ಯವಾದ, ನಮ್ಮ ತರಗತಿಯಲ್ಲಿ ಇದು ಬಂದೇ ಇಲ್ಲ. ಆದರೂ ಕೇಳುತ್ತೇನೆ. ಕೌಟುಂಬಿಕ ನ್ಯಾಯಾಲಯಗಳ 1984ರ ಕಾಯಿದೆಯ 13ನೇ ಕಲಮು, ವಕೀಲರ ಮೂಲಕವೇ ಹಾಜರಾಗುವುದು ಪಕ್ಷಕಾರರ ಹಕ್ಕಲ್ಲ ಎನ್ನುತ್ತದೆ. ಜನ ತಾವೇ ಬಂದು ಕಷ್ಟ ಹೇಳಿಕೊಳ್ಳಲಿ ಎಂದು ಕಟ್ಟಿದ ನ್ಯಾಯಾಲಯ ಅದು. ಹಾಗೆ ಬಂದವರಿಗೆ ಪ್ರತಿ ಪ್ರಕರಣದ ಗುರುತಾದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ ಮೊಬೈಲಿನಲ್ಲಿ ಮುಂದಿನ ದಿನಾಂಕ ನೋಡುವುದನ್ನು ತೋರಿಸಿದರೆ ಯಾವ ಗುಟ್ಟು ಬಯಲಾಗುತ್ತದೆ? 2020ರ ಆ ತೀರ್ಪಿನಲ್ಲಿ ಕೃಷಿಕರಿಗೆ ಬೇರೆಯೇ ನಮೂನೆ ಕೊಟ್ಟಿದ್ದಾರೆ. ರೈತ ಮಹಿಳೆಯ ಕೈಗೆ ಸಂಬಳದಾರರ ನಮೂನೆ ಬಂದಿದ್ದರೆ ‘ಅಮ್ಮ, ನಿಮ್ಮದು ಇನ್ನೊಂದಿದೆ’ ಎಂದು ತೋರಿಸುವುದೂ ವಕೀಲಿಯೇ?

ತುಮಕೂರು ವಕೀಲ

ನಮೂನೆ ತೋರಿಸುವುದು ವಕೀಲಿಯಲ್ಲ. ಅದರಲ್ಲಿ ಯಾವ ಅಂಕಿ ಬರೆಯಬೇಕೆಂದು ಹೇಳಿದೊಡನೆ ಅದು ಸಲಹೆಯಾಗುತ್ತದೆ. ಆ ಹೊಲಿಗೆಯ ತಾಯಿಗೆ ಬೇಕಾಗಿದ್ದದ್ದು ಸಲಹೆಯೇ. ವರ್ಷದ ಸಂಪಾದನೆ ಕೂಡಿ 12ರಿಂದ ಭಾಗಿಸಿ, ಹಬ್ಬದ ತಿಂಗಳು ಬೇರೆ ಎಂದು ವಿವರಣೆ ಬರೆಸಿ ಎಂದು ಹೇಳಬೇಕಾದವನು ವಕೀಲ. ನಿಮ್ಮ ಯೋಜನೆ ಅಲ್ಲಿಯವರೆಗೆ ತಲುಪುವುದಿಲ್ಲ.

ಹೊಲಿಗೆಯ ಅಕ್ಕ

ತಲುಪುವುದು ಬೇಡ. ‘ಅಕ್ಕ, ಈ ಅಂಕಿ ಬರೆಸುವ ಮುಂಚೆ ವಕೀಲರನ್ನು ಕೇಳೋಣ, ಬನ್ನಿ’ ಎಂದು ಕೈಹಿಡಿದು ನೆರವಿನ ಕಚೇರಿಯವರೆಗೆ ಕರೆದೊಯ್ಯುವವರು ಒಬ್ಬರಿದ್ದಿದ್ದರೆ ನನಗೆ ಸಾಕಾಗಿತ್ತು. ವಕೀಲರು ಬಾರದ ದಿನ ‘ಇವತ್ತೂ ಬಂದಿಲ್ಲ’ ಎಂದು ಮೇಲಿನವರಿಗೆ ಬರೆದು ತಿಳಿಸುವವರು ಇದ್ದಿದ್ದರೆ ಅವರೂ ಬರುತ್ತಿದ್ದರು.

ಕ್ಲಿನಿಕ್ ಮೇಷ್ಟ್ರು

ಅಕ್ಕ ಹೇಳಿದ ಎರಡನೆಯ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ವಿದ್ಯಾರ್ಥಿಗಳನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್ ವಕೀಲರೊಬ್ಬರ, ಎಂದರೆ ಉಚಿತ ನೆರವಿನ ಪಟ್ಟಿಯಲ್ಲಿರುವ ವಕೀಲರೊಬ್ಬರ, ಕೈಕೆಳಗೆ ಹಾಕೋಣ. ಗುಟ್ಟಿನ ಪ್ರಶ್ನೆಗೆ ಆಗ ಒಂದು ಆಸರೆಯಾದರೂ ಸಿಗುತ್ತದೆ. ಸತತ 4 ವಾರದ ಬದಲು ಸೆಮಿಸ್ಟರ್ ಪೂರ್ತಿ ವಾರಕ್ಕೊಂದು ದಿನ ಕಳಿಸೋಣ, ಅದನ್ನು ಕ್ಲಿನಿಕಲ್ (ಪ್ರಾಯೋಗಿಕ) ಪತ್ರಿಕೆಯ ಅಂಕಗಳಿಗೆ ಸೇರಿಸೋಣ. ಪ್ರತಿಯೊಬ್ಬ ಕಕ್ಷಿದಾರರಿಗೂ ಒಂದು ನೋಟ್‌ಬುಕ್ ಕೊಟ್ಟು, ಇಂದು ಏನಾಯಿತು, ಮುಂದಿನ ದಿನಾಂಕ ಯಾವುದು, ಏನು ತರಬೇಕು ಎಂದು ಕನ್ನಡದಲ್ಲಿ ಬರೆದುಕೊಡೋಣ. ಪುಸ್ತಕ ಅವರ ಬಳಿಯೇ ಇರಲಿ. ಹೊಸ ವಿದ್ಯಾರ್ಥಿ ಬಂದರೆ ಅದನ್ನು ಓದಿಕೊಂಡು ಮುಂದುವರಿಯುತ್ತಾನೆ.

ತುಮಕೂರು ವಕೀಲ

ಕಡ್ಡಾಯ ಮಾಡಬೇಡಿ, ಮನಸ್ಸಿಲ್ಲದವರು ಬಂದರೆ ಆ ಜನರಿಗೆ ಇನ್ನಷ್ಟು ನೋವು. ವಕೀಲರ ಗೈರುಹಾಜರಿಯ ವರದಿ ವಿದ್ಯಾರ್ಥಿಯ ಹೆಸರಿನಲ್ಲಿ ಹೋಗಬಾರದು, ನಾಳೆ ಅದೇ ವಕೀಲರ ನಡುವೆ ಅವರು ಬದುಕಬೇಕು. ಪ್ರಾಧಿಕಾರದ ಕಚೇರಿಯೇ ದಾಖಲಿಸಲಿ. ಈ ಎರಡನ್ನೂ ಸೇರಿಸಿ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೆ ಪತ್ರ ಬರೆಯುವುದಾದರೆ ಕರಡನ್ನು ಇಲ್ಲಿ ಹಾಕಿ, ನಾನು ಓದಿ ತಿದ್ದುತ್ತೇನೆ.

ಕಾಯಿದೆ ಓದುವ ಹುಡುಗಿ, ಹುಬ್ಬಳ್ಳಿ

ಭಾನುವಾರದೊಳಗೆ ಹಾಕುತ್ತೇನೆ ಸರ್. ಅಕ್ಕ, ನೋಟ್‌ಬುಕ್ಕಿನಲ್ಲಿ ಇನ್ನೂ ಏನೇನು ಬರೆದುಕೊಡಬೇಕೆಂದು ನೀವು ಹೇಳಬೇಕು.

ಹೊಲಿಗೆಯ ಅಕ್ಕ

ಯಾವ ಕೋರ್ಟ್ ಹಾಲ್, ಎಷ್ಟನೇ ಮಹಡಿ, ನಮ್ಮ ಪ್ರಕರಣ ಅಂದಿನ ಪಟ್ಟಿಯಲ್ಲಿ ಎಷ್ಟನೆಯದು. ಮೊದಲ ಪುಟದಲ್ಲೇ ಬರೆಯಿರಿ, ದೊಡ್ಡ ಅಕ್ಷರದಲ್ಲಿ.